ಪಿಯುಸಿ ಮಕ್ಕಳ ನಾಲ್ಕು ಕ್ರೆಡಿಟ್

ನಮ್ಮ ಸ್ಟಾಫ್ ರೂಮಿನಲ್ಲಿ ಇದ್ದದ್ದು ಎರಡೇ ಜಾತಿ, ಪರ್ಮನೆಂಟ್ ಮತ್ತು ಗೆಸ್ಟ್. ಪರ್ಮನೆಂಟ್ ಆದವರಿಗೆ ಫ್ಯಾನಿನ ಕೆಳಗೆ ಕುರ್ಚಿ, ಬೀಗವಿರುವ ಬೀರು, ಕಾಫಿಗೆ ಸ್ಟೀಲ್ ಲೋಟ. ಗೆಸ್ಟ್‌ಗಳಾದ ನಮಗೆ ಬಾಗಿಲ ಪಕ್ಕದ ಬೆಂಚು, ಪೇಪರ್ ಕಪ್ಪು. ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿಗೆ ಕಾಯುವವರ ಹಾಗೆ ಕೂತಿರುತ್ತಿದ್ದೆವು. ನಮಗೆ ಅತಿಥಿ ಉಪನ್ಯಾಸಕರು ಎಂದು ಹೆಸರಿಟ್ಟ ಪುಣ್ಯಾತ್ಮ ತನ್ನ ಮನೆಗೆ ಬಂದವರನ್ನು ಹೇಗೆ ನೋಡಿಕೊಳ್ಳುತ್ತಿದ್ದನೋ ಎಂದು ಆಗಾಗ ಯೋಚಿಸುತ್ತಿದ್ದೆ.

ಕಾಲೇಜು ಮಲ್ಲೇಶ್ವರದಲ್ಲಿ. ಒಂದೇ ಕಾಂಪೌಂಡು, ಮುಂದೆ ಪಿಯು, ಹಿಂದೆ ಡಿಗ್ರಿ. ನಾನು ಬಿ.ಕಾಂ. ಮೊದಲ ಸೆಮಿಸ್ಟರಿನ ಎರಡು ಸೆಕ್ಷನ್‌ಗಳಿಗೆ ಸಂಖ್ಯಾಶಾಸ್ತ್ರ ಹೇಳಿಕೊಡುತ್ತಿದ್ದೆ. ಬೆಳಿಗ್ಗೆ ಎಂಟಕ್ಕೆ ಒಂದು, ಅದು ಮುಗಿದ ಮೇಲೆ ಇನ್ನೊಂದು. ಆ ಎರಡು ಸೆಕ್ಷನ್ ಇದ್ದರೆ ನನಗೆ ಕೆಲಸ ಇದೆ, ಒಂದೇ ಆದರೆ ಇಲ್ಲ. ವರ್ಷಾ ವರ್ಷ ಅಡ್ಮಿಷನ್ ಮುಗಿಯುವವರೆಗೆ ನನ್ನ ಜೀವ ಕೈಯಲ್ಲೇ ಇರುತ್ತಿತ್ತು.

ಆಗ ಹೊಸ ಯೋಜನೆಯೊಂದು ಬಂತು. ಎರಡನೇ ಪಿಯುಸಿ ಮಕ್ಕಳು ಮಧ್ಯಾಹ್ನದ ಹೊತ್ತು ಡಿಗ್ರಿಯ ಒಂದು ಪೇಪರನ್ನು ಮೊದಲೇ ಓದಿ ಪರೀಕ್ಷೆ ಬರೆಯಬಹುದು. ಪಾಸಾಗಿ ಮುಂದೆ ನಮ್ಮಲ್ಲೇ ಬಿ.ಕಾಂ.ಗೆ ಸೇರಿದರೆ ಅದರ ನಾಲ್ಕು ಕ್ರೆಡಿಟ್ ಡಿಗ್ರಿಗೆ ವರ್ಗವಾಗುತ್ತದೆ, ಆ ಪೇಪರಿಗೆ ಮತ್ತೆ ಕ್ಲಾಸಿನಲ್ಲಿ ಕೂರಬೇಕಿಲ್ಲ. ಆರಿಸಿದ್ದು ನನ್ನ ಸಂಖ್ಯಾಶಾಸ್ತ್ರವನ್ನೇ. ಸಂಖ್ಯಾಶಾಸ್ತ್ರದವಳಿಗೆ ಇಷ್ಟು ಕೂಡಿ ಕಳೆಯಲು ಬರಲಿಲ್ಲವೇ ಎಂದು ನೀವು ಕೇಳಬಹುದು. ಬರುತ್ತಿತ್ತು. ಆದರೆ ಪ್ರಿನ್ಸಿಪಾಲರು ನನ್ನನ್ನು ಒಳಗೆ ಕರೆದು, ಕುರ್ಚಿ ತೋರಿಸಿ ಹೇಳಿದ್ದರು: "ಇದನ್ನ ನೀವು ದಡ ಮುಟ್ಟಿಸಿ ಮೇಡಂ. ಕೋಆರ್ಡಿನೇಟರ್ ಪೋಸ್ಟ್ ನಿಮ್ಗೇ. ಆಮೇಲೆ ಈ ಸೆಕ್ಷನ್ ತಲೆನೋವೇ ಇರಲ್ಲ." ಆ ಕೋಣೆಯಲ್ಲಿ ನನಗೆ ಕುರ್ಚಿ ಸಿಕ್ಕಿದ್ದು ಅದೇ ಮೊದಲು. ಕರಗಿಹೋದೆ.

ಕ್ರೆಡಿಟ್ ವರ್ಗಾಯಿಸಲು ನಮ್ಮ ವಿಭಾಗದ ಮುಖ್ಯಸ್ಥರ ಸಹಿ ಬೇಕಿತ್ತು. ನಿವೃತ್ತಿಗೆ ಹತ್ತಿರವಾಗಿದ್ದ ಮನುಷ್ಯ. ಬಿಳಿ ಸಫಾರಿ, ಜೇಬಿನಲ್ಲಿ ಕೆಂಪು ಪೆನ್ನು. ಸಹಿ ಕೇಳಿದಾಗಲೆಲ್ಲ ಒಂದು ಕೊಕ್ಕೆ. ಸಿಲಬಸ್ಸಿನ ಒಂದು ಯೂನಿಟ್ ಹೊಂದುವುದಿಲ್ಲ ಎಂದರು, ಹೊಂದಿಸಿದೆ. ಪಾಠದ ಗಂಟೆ ಕಡಿಮೆಯಾಗಿದೆ ಎಂದರು. ವಾಚ್‌ಮನ್‌ನನ್ನು ಕಾಡಿ ಬೇಡಿ ರೂಮಿನ ಬೀಗ ತೆಗೆಸಿ ಭಾನುವಾರವೂ ಪಾಠ ಮಾಡಿದೆ. "ಪಿಯುಸಿ ಮಕ್ಳು ಡಿಗ್ರಿ ಪಾಠ ಓದೋದು ಅಂದ್ರೆ ಏನಮ್ಮ, ಹಾಲು ಹಲ್ಲಲ್ಲಿ ಚಕ್ಲಿ ಕಡಿಯೋದಾ?" ಎಂದು ಸ್ಟಾಫ್ ರೂಮಿನ ತುಂಬ ನಗಿಸಿದರು. ಬೆಂಚಿನ ಮೇಲಿದ್ದ ಗೆಸ್ಟ್‌ಗಳೂ ನಕ್ಕರು. ಅವರ ಮೇಲೆ ನನಗೆ ಇನ್ನೂ ಕೋಪವಿದೆ.

ಮಧ್ಯಾಹ್ನದ ಕ್ಲಾಸಿನಲ್ಲಿ ಒಬ್ಬಳು ಹುಡುಗಿಯಿದ್ದಳು. ಅವಳ ತಾಯಿಗೆ ಎಂಟನೇ ಕ್ರಾಸಿನ ಹತ್ತಿರ ತರಕಾರಿ ಅಂಗಡಿ. ಬೆಳಗಿನ ವ್ಯಾಪಾರಕ್ಕೆ ಇಬ್ಬರೂ ನಿಂತರೇ ಸರಿ, ಇಲ್ಲದಿದ್ದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾರೆ. ಡಿಗ್ರಿಗೆ ಬಂದಾಗ ಎಂಟರ ಕ್ಲಾಸು ತಪ್ಪಲಿ ಎಂಬ ಒಂದೇ ಆಸೆಗೆ ಅವಳು ಈ ಪೇಪರು ಹಿಡಿದಿದ್ದಳು. ಅಂಥ ಆಸೆಯಿಂದ ಸರಾಸರಿ, ಪ್ರಸರಣ ಎಲ್ಲ ನುಂಗಿ ನೀರು ಕುಡಿದ ಇನ್ನೊಬ್ಬಳನ್ನು ನಾನು ಕಂಡಿಲ್ಲ. ಭಾನುವಾರಗಳಂದು ನೇರ ಅಂಗಡಿಯಿಂದಲೇ ಬರುತ್ತಿದ್ದಳು. ಪುಸ್ತಕ ತೆರೆದರೆ ಕೊತ್ತಂಬರಿ ವಾಸನೆ. ನನಗೆ ಅವಳೆಂದರೆ ಪ್ರಾಣ.

ಯೋಜನೆಯ ನಿಯಮಗಳನ್ನು ಬರೆಯುವ ಕೆಲಸವೂ ನನ್ನ ತಲೆಗೇ ಬಂತು. ಮುಖ್ಯಸ್ಥರು ಇವತ್ತು ಕೊಟ್ಟದ್ದನ್ನು ನಾಳೆ ಕಿತ್ತುಕೊಳ್ಳುವ ಜಾತಿ. ಮಕ್ಕಳನ್ನು ಹೆದರಿಸಿ, ಅವರ ಕೈಯಿಂದಲೇ ಬೇಡ ಎಂದು ಬರೆಸಿಕೊಳ್ಳುವ ಚಾಳಿಯೂ ಇತ್ತು. ಹಾಗಾಗಿ ಕೊನೆಗೆ ಒಂದು ಸಾಲು ಸೇರಿಸಿದೆ: ಒಮ್ಮೆ ವರ್ಗಾವಣೆಯಾದ ಕ್ರೆಡಿಟ್ಟನ್ನು ಯಾವ ಕಾರಣಕ್ಕೂ, ವಿದ್ಯಾರ್ಥಿಯೇ ಕೇಳಿಕೊಂಡರೂ, ರದ್ದು ಮಾಡುವಂತಿಲ್ಲ. ಪ್ರಿನ್ಸಿಪಾಲರು ಓದಿ, "ಭಾರಿ ಪಕ್ಕಾ ಬರ್ದಿದೀರ" ಎಂದರು. ಆ ದಿನ ಮನೆಗೆ ಹೋಗುವಾಗ ಸಂಪಿಗೆ ರಸ್ತೆಯಲ್ಲಿ ನನಗೆ ನಾನೇ ಒಂದು ಮೊಳ ಮಲ್ಲಿಗೆ ಕೊಂಡು ಮುಡಿದುಕೊಂಡೆ.

ಮಕ್ಕಳು ಪರೀಕ್ಷೆ ಬರೆದು ಪಾಸಾದ ಮೇಲೂ ಮುಖ್ಯಸ್ಥರು ಫೈಲಿನ ಮೇಲೆ ಕೂತೇ ಇದ್ದರು. ಅಡ್ಮಿಷನ್ ಶುರುವಾದ ಮೇಲೆ ಒಂದು ಬೆಳಿಗ್ಗೆ ತಾವಾಗಿಯೇ ನನ್ನನ್ನು ಕರೆದು ಎಲ್ಲ ಮಕ್ಕಳ ಹಾಳೆಗೂ ಚಕಚಕನೆ ಸಹಿ ಹಾಕಿದರು. ನಗುತ್ತಿದ್ದರು. "ಸುಮ್ನೆ ಇಷ್ಟು ದಿನ ನಿಮ್ಗೆ ತೊಂದ್ರೆ ಕೊಟ್ಟೆ ನೋಡಿ" ಎಂದು ತಮ್ಮ ಸ್ಟೀಲ್ ಲೋಟದ ಕಾಫಿಯಲ್ಲಿ ಅರ್ಧವನ್ನು ನನ್ನ ಪೇಪರ್ ಕಪ್ಪಿಗೆ ಬಗ್ಗಿಸಿದರು. ನಾನು ಕುಡಿದೆ. ಥೂ, ಈಗ ನೆನೆಸಿಕೊಂಡರೂ ನಾಲಿಗೆ ಕಹಿಯಾಗುತ್ತದೆ.

ಕಾರಣ ತಿಳಿದದ್ದು ಟೈಮ್‌ಟೇಬಲ್ ಅಂಟಿಸಿದ ದಿನ. ಮುಖ್ಯಸ್ಥರು ಹೇಳಿಕೊಡುತ್ತಿದ್ದ ಐಚ್ಛಿಕ ಪೇಪರಿಗೆ ಆ ವರ್ಷ ಒಂದು ನರಪಿಳ್ಳೆಯೂ ಸೇರಿರಲಿಲ್ಲ. ಅವರಿಗೆ ಪಾಠದ ಗಂಟೆಗಳು ಬೇಕಿದ್ದವು. ಕ್ರೆಡಿಟ್ ಸಿಕ್ಕ ಮಕ್ಕಳೆಲ್ಲ ಹೊರಗುಳಿದದ್ದರಿಂದ ಮಿಕ್ಕವರನ್ನು ಒಂದೇ ರೂಮಿಗೆ ತುಂಬಿ, ಎರಡು ಸೆಕ್ಷನ್ ಹೋಗಿ ಒಂದಾಗಿತ್ತು. ಆ ಒಂದರ ಮುಂದೆ ಅವರ ಹೆಸರಿತ್ತು. ಮಧ್ಯಾಹ್ನದ ಪಿಯುಸಿ ಕ್ಲಾಸೂ ಅವರಿಗೇ. ಕೋಆರ್ಡಿನೇಟರ್ ಜವಾಬ್ದಾರಿಯೂ ಅವರಿಗೇ, ಹೆಚ್ಚುವರಿಯಾಗಿ.

ಪ್ರಿನ್ಸಿಪಾಲರ ಕೋಣೆಗೆ ಹೋದೆ. ಈ ಸಲ ಕುರ್ಚಿ ತೋರಿಸಲಿಲ್ಲ. "ಪರ್ಮನೆಂಟ್ ಇರೋರಿಗೆ ಮೊದ್ಲು ಗಂಟೆ ತುಂಬ್ಬೇಕಲ್ಲ ಮೇಡಂ, ನಿಮ್ಗೆ ಗೊತ್ತಿಲ್ದೇ ಇರೋದೇನಿದೆ" ಎಂದರು. ನೀವು ಕೊಟ್ಟ ಮಾತು ಎಂದೆ. "ಸ್ಕೀಮ್ ಸಕ್ಸಸ್ ಆಯ್ತಲ್ಲ, ಅದಕ್ಕೆ ಖುಷಿ ಪಡಿ" ಎಂದರು. ಬಾಗಿಲು ದಾಟುವಾಗ ಹಿಂದಿನಿಂದ, ಐಡಿ ಕಾರ್ಡನ್ನು ಆಫೀಸಿನಲ್ಲಿ ಕೊಟ್ಟು ಹೋಗಲು ನೆನಪಿಸಿದರು.

ಈಗ ಶಂಕರಪುರದ ಹಳೇ ಮನೆಯೊಂದರ ಮುಂದಿನ ಕೋಣೆಯಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಒಂದು ಸಂಜೆ ಗೇಟಿನ ಹತ್ತಿರ ಆ ಹುಡುಗಿ ನಿಂತಿದ್ದಳು. ನನ್ನನ್ನು ನೋಡಿ ಹಲ್ಲೆಲ್ಲ ಕಾಣುವಂತೆ ನಕ್ಕಳು. ನನಗೆ ನಗು ಬರಲಿಲ್ಲ.

"ಮಿಸ್, ನೀವ್ಯಾಕೆ ಬರ್ತಾ ಇಲ್ಲ? ಹುಷಾರಿಲ್ವಾ?"

"ಏನು ಬಂದೆ?" ಎಂದೆ.

"ನೋಟ್ಸ್ ಬೇಕಿತ್ತು ಮಿಸ್. ಫಸ್ಟ್ ಸೆಮ್ ಅವ್ರಿಗೆ ನಾನೇ ಕ್ಲಾಸ್ ತಗೋತಿದೀನಿ. ಸರ್ ಕ್ಲಾಸ್‌ಗೆ ಬರಲ್ಲ, ಕ್ರೆಡಿಟ್ ಸಿಕ್ಕಿರೋರು ಫ್ರೀ ಇದೀರಲ್ಲ, ನೀವೇ ಹೇಳ್ಕೊಡಿ ಅಂದ್ರು. ನೋಟ್ಸ್ ಆ ಮೇಡಂ ಹತ್ರ ಇಸ್ಕೊಂಬಾ, ಅವ್ರಿಗೆ ಇನ್ನೇನಕ್ಕೆ ಅಂದ್ರು."

"ಎಷ್ಟು ಗಂಟೆಗೆ ಕ್ಲಾಸು?"

"ಎಂಟಕ್ಕೇ ಮಿಸ್." ತಲೆ ತಗ್ಗಿಸಿದಳು. "ಅಂಗಡೀಲಿ ಅಮ್ಮ ಒಬ್ರೇ. ಬೈತಾರೆ."

ಅವಳಿಗಾದ ಅನ್ಯಾಯ ನನಗೆ ಕಾಣಲೇ ಇಲ್ಲ. ಕಂಡದ್ದು ನನ್ನ ಕರಿಹಲಗೆ, ನನ್ನ ಗಂಟೆ, ನನ್ನ ಜಾಗದಲ್ಲಿ ನಿಂತ ಈ ಪೋರಿ. ಮೈ ಉರಿದುಹೋಯಿತು. "ಹುಷಾರಾಗೇ ಇದೀನಿ ಕಣೆ. ನಿಮ್ ಕ್ರೆಡಿಟ್‌ನಿಂದ ನನ್ ಕೆಲ್ಸ ಹೋಯ್ತು. ನಿಮಗೆ ಕ್ಲಾಸ್ ಬೇಡವಾಯ್ತು, ಹಂಗಾಗಿ ನಾನೂ ಬೇಡವಾದೆ. ಗೊತ್ತಾಯ್ತಾ?" ಎಂದೆ. ಹೇಳಿ ಅವಳ ಮುಖವನ್ನೇ ನೋಡಿದೆ, ನೋಡಬೇಕೆಂದೇ ನೋಡಿದೆ. ನಗು ಇಳಿಯಿತು, ತುಟಿ ಅದುರಿತು. ನೋಡಿದಷ್ಟೂ ನನಗೆ ಹಾಯೆನಿಸಿತು.

ಅವಳು ದುಪಟ್ಟಾದಲ್ಲಿ ಮೂಗು ಒರೆಸಿಕೊಂಡು ಸ್ವಲ್ಪ ಹೊತ್ತು ಯೋಚಿಸಿದಳು. ಲೆಕ್ಕ ಬಿಡಿಸುವಾಗಿನ ಅದೇ ಮುಖ.

"ಹಂಗಾದ್ರೆ ವಾಪಸ್ ಕೊಟ್ಬಿಡ್ತೀವಿ ಮಿಸ್. ನಾವೆಲ್ಲ ಒಟ್ಟಿಗೆ ಹೋಗಿ ಕ್ರೆಡಿಟ್ ಬೇಡ ಅಂತ ಬರ್ಕೊಟ್ರೆ ಮತ್ತೆ ಎರಡು ಸೆಕ್ಷನ್ ಆಗುತ್ತಲ್ವಾ? ನೀವು ಬರ್ಬಹುದಲ್ವಾ? ಅವ್ರನ್ನೆಲ್ಲ ನಾನು ಒಪ್ಪಿಸ್ತೀನಿ."

"ಆಗಲ್ಲ" ಎಂದೆ.

"ಯಾಕ್ ಮಿಸ್? ನಾವೇ ಬೇಡ ಅಂದ್ರೂನಾ?"

"ನೀವೇ ಬೇಡ ಅಂದ್ರೂ ಆಗಲ್ಲ. ರೂಲ್ಸಿನಲ್ಲಿದೆ."

"ಇಂಥ ರೂಲ್ ಯಾರ್ ಮಿಸ್ ಮಾಡಿದ್ದು?" ಎಂದಳು, ಕಣ್ಣಲ್ಲಿ ನೀರಿಟ್ಟುಕೊಂಡೇ.

ನಾನು ಒಳಗೆ ಹೋಗಿ ನೋಟ್ಸಿನ ಕಟ್ಟು ತಂದು ಅವಳ ಕೈಗಿಟ್ಟೆ. ಟ್ಯೂಷನ್ ಮಕ್ಕಳು ಕಾಯುತ್ತಿದ್ದಾರೆ ಎಂದು ಹೇಳಿ ಗೇಟು ಹಾಕಿಕೊಂಡೆ.