ಅಕ್ಕನ ಓಣಿಗೆ ಕಟ್ಟಿದ ತಾಮ್ರದ ಎಳಿ

ನಾ ರಾಣೆಬೆನ್ನೂರಾಗ ವೈರಿಂಗ್ ಕೆಲಸ ಮಾಡಾಂವ. ಮಂದಿ ಮನ್ಯಾಗ ಒಂದು ಸ್ವಿಚ್ ಸಡಲಾಗಿದ್ರೂ ಓಡಿ ಹೋಗ್ತೀನಿ. ಸ್ವಂತ ಅಕ್ಕನ ಮನಿಗೆ ಹೋಗಾಕ ಮಾತ್ರ ಯಾವಾಗ್ಲೂ ನಾಳೆ ಅಂತೀನಿ.

ಅಕ್ಕ ಇರೋದು ಬ್ಯಾಡಗ್ಯಾಗ. ಪಡಸಾಲ್ಯಾಗ ಖಾರ ಕುಟ್ಟೋ ಸಣ್ಣ ಮಷಿನ್ ಇಟ್ಟಾಳ. ಬ್ಯಾರೆ ಗಿರಣ್ಯಾಗ ಹೆಣ್ಣಮಕ್ಕಳು ತಮ್ಮ ಮೆಣಸಿನಕಾಯಿಗೆ ಮತ್ತೊಬ್ಬರ ಕಾಯಿ ಬೆರಸ್ಯಾರಂತ ಕಣ್ಣು ಪಿಳುಕಿಸದ ನೋಡ್ಕೋತ ನಿಂದರತಾರ. ಅಕ್ಕನ ಮುಂದ ಬುಟ್ಟಿ ಇಟ್ಟು ಸುಮ್ನ ಮನಿಗೆ ಹೋಗಿಬಿಡ್ತಿದ್ರು. ಅಕಿ ಮಷಿನ್ ನಡೀತಿದ್ದದ್ದು ಆ ನಂಬಿಗಿ ಮ್ಯಾಲೆ.

ಹೋದ ಸುಗ್ಗ್ಯಾಗ ಅಕಿ ಫೋನ್ ಮಾಡಿದ್ಲು. "ತಮ್ಮಾ, ಮಷಿನ್ ಚಾಲೂ ಮಾಡಿದ್ರ ಸಾಕು, ಫ್ಯೂಸ್ ಹೋಗಾಕತ್ತೈತಿ. ಬುಟ್ಟಿ ಸಾಲು ಹಚ್ಚ್ಯಾವು. ಲಗೂ ಬಾರೋ."

ನಾ ಆವಾಗ ಒಬ್ಬ ಸಾಹುಕಾರರ ಹೊಸ ಮನ್ಯಾಗ ಏಣಿ ಮ್ಯಾಲಿದ್ದೆ. ನನ್ನ ಸಿಟ್ಟಂತೂ ಮೂಗಿನ ತುದೀಗೇ ಇರತೈತಿ. "ಮೇನ್ ಬಂದ್ ಮಾಡು, ಹಳೇ ವೈರ್ ಸುಲಿದು ತಾಮ್ರದ ಎಳಿ ಹುರಿ ಮಾಡಿ ಫ್ಯೂಸಿಗೆ ಕಟ್ಟು. ಆಮ್ಯಾಲ ಅದು ಹೋಗೂದಿಲ್ಲ" ಅಂದೆ.

"ಏನರ ಆದೀತೇನೋ?"

"ಏನಾಗತೈತಿ? ನಾ ಹೇಳಾಕತ್ತೇನಲ್ಲ!"

ಗೊತ್ತಿಲ್ಲದ ಹೇಳಿದ್ರ ಮಾತು ಬ್ಯಾರೆ. ಫ್ಯೂಸ್ ಅಂದ್ರ ಲೈನ್ಯಾಗ ಬೇಕಂತನ ಇಟ್ಟ ಬಡಕಲು ತಂತಿ. ಲೋಡ್ ಹೆಚ್ಚಾದ್ರ ಮೊದಲ ಅದು ಕರಗಿ ಕರೆಂಟ್ ಕಡೀತೈತಿ, ಮನಿ ಉಳೀತೈತಿ. ಅಲ್ಲಿ ದಪ್ಪ ತಾಮ್ರ ಕಟ್ಟಿದ್ರ ಅದು ಕರಗೂದಿಲ್ಲ, ಗೋಡ್ಯಾಗಿನ ವೈರ್ ಕಾದು ಬೇಯತೈತಿ. ಇದನ್ನ ಗಿರಾಕಿಗಳಿಗೆ ಬೈದು ಬೈದು ಹೇಳಾಂವ ನಾನ. ಅಕ್ಕಗ ಮಾತ್ರ ಬಾಯಿಗೆ ಬಂದದ್ದು ಹೇಳಿ ಫೋನ್ ಇಟ್ಟೆ.

ಸಾಹುಕಾರರ ಕೆಲಸ ಮುಗಿಯೂತನ ಆ ಮಾತು ಒಳಗ ಚುಚ್ಚತಿತ್ತು. ವಾರ ಕಳದು ಅದು ಮುಗಿದ ಮ್ಯಾಲನ ಹೋದೆ, ಅದೂ ಸುಳ್ಳಲ್ಲ. ಓಣಿ ಬಾಯಾಗ ಎದುರುಮನಿ ಅಜ್ಜಿ ತಡದು ನಿಲ್ಲಿಸಿದ್ರು. "ಬಾರಪಾ! ನಿಮ್ಮಕ್ಕ ಭಾಳ ಶಾಣ್ಯಾಕಿ. ನಮ್ಮ ಫ್ಯೂಸಿಗೂ ತಾಮ್ರ ಕಟ್ಟಿಕೊಟ್ಟಾಳ. ಓಣಿ ತುಂಬ ಅಕಿದ ಕೈ. ಒಮ್ಮೆರ ಲೈಟ್ ಹೋಗಿಲ್ಲ ನೋಡು."

ಅವ್ರ ಮನಿ ಒಳಗ ನುಗ್ಗಿ ಬೋರ್ಡ್ ಬಿಚ್ಚಿದೆ. ವೈರಿನ ಪ್ಲಾಸ್ಟಿಕ್ ಕರಗಿ ಇಳದಿತ್ತು, ಗ್ವಾಡಿ ಕರ್ರಗಾಗಿತ್ತು. ಬುಡಕ್ಕ ಒಣ ಮೆಣಸಿನಕಾಯಿ ಚೀಲ ಒಟ್ಟಿದ್ರು. ಯಪ್ಪಾ, ಒಂದು ಕಿಡಿ ಬಿದ್ದಿದ್ರ!

ಮನಿ ಮನಿಗೆ ಹೋಗಿ ತಾಮ್ರ ಕಿತ್ತೆ. ಮಿಕ್ಸರ್, ಫ್ಯಾನ್, ಅಕ್ಕನ ಮಷಿನ್, ಎಲ್ಲಾ ನಿಂತ್ವು. ಹೆಣ್ಣಮಕ್ಕಳು ಅಂಗಳದಾಗ ಕೂಡಿದ್ರು. ಅಜ್ಜಿ ಸುಟ್ಟ ವೈರ್ ಹಿಡಕೊಂಡು ಅಕ್ಕನ್ನ ಕೇಳಿದ್ರು, "ಇದನ್ನ ಯಾರು ಹೇಳಿದ್ರವಾ ನಿನಗ?"

ಅಕ್ಕ ನನ್ನ ಕಡೆ ನೋಡಿದ್ಲು. ಆಮ್ಯಾಲ ಸೆರಗು ಸರಿ ಮಾಡ್ಕೊಂಡು, "ಯಾರೂ ಹೇಳಿಲ್ರಿ. ನಾನ ತಲಿ ಓಡಸಿ ಮಾಡಿದೆ, ತಪ್ಪಾತು" ಅಂದ್ಲು.

ಹೇಳಿದಾಂವ ನಾನ ಅಂತ ಒಂದು ಮಾತು ಆಡಿದ್ರ ಸಾಕಿತ್ತು. ಗಿರಾಕಿ ಹೋಗ್ತಾರ, ಹೆಸರು ಹೋಗತೈತಿ ಅಂತ ಅಂಜಿದೆ. ಒಳಗ ಬಂದ ಮ್ಯಾಲೆ ಯಾಕ ಸುಳ್ಳು ಹೇಳಿದಿ ಅಂತ ಅಕ್ಕನ್ನ ಕೇಳಿದೆ. "ನನ್ನ ತವರುಮನಿ ಮಾತು ಮಂದಿ ಬಾಯಾಗ ಬೀಳೋದು ಬ್ಯಾಡ" ಅಂದು ರೊಟ್ಟಿ ಬಡಿಯಾಕ ಕುಂತ್ಲು.

ಈಗ ಅಕ್ಕನ ಕಡೆ ಬುಟ್ಟಿ ಬರೋದು ಕಡಿಮಿ. ಬಂದವರೂ ತಮ್ಮ ಬುಟ್ಟಿ ಕಾಯ್ಕೋತ ನಿಂದರತಾರಂತ. ಅದನ್ನೂ ಅಕಿ ಹೇಳಿಲ್ಲ, ಭಾವ ಹೇಳಿದ್ರು. ಮೊನ್ನೆ ಅಕಿ ಫೋನ್ ಮಾಡಿದ್ದು ಬ್ಯಾರೆದಕ್ಕ: "ಅಜ್ಜಿ ಮನಿಗೆ ಹೊಸಾ ವೈರಿಂಗ್ ಮಾಡಸ್ತಾರಂತ. ನಿನ್ನ ಹೆಸರು ಹೇಳೇನಿ, ಬಾ."

ಹೋದೆ. ಎಲ್ಲಾ ವೈರ್ ಬದಲಿ ಮಾಡಿ, ಸರಿಯಾದ ಫ್ಯೂಸ್ ಹಾಕಿದೆ. ಅಜ್ಜಿ ಚಾ ತಂದು ಕೈಯಾಗ ಕೊಟ್ರು. "ನಿಮ್ಮಕ್ಕನ ಮಾತು ಕೇಳಿ ಕೆಟ್ಟಿವಿ ನೋಡಪಾ. ಮೊದಲ ನಿನ್ನನ್ನ ಕೇಳಬೇಕಿತ್ತು" ಅಂದ್ರು.

ನಾ ಚಾ ಕುಡದೆ.