ಹೊಡಿಯೋ ತಡಿಯೋ

ಬಂದೂಕಿನ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ‘ಢಂಢಂ’ ಎಂದೇ. ಒಬ್ಬನೇ ಸೈನಿಕ ಹೊತ್ತು ಓಡಬಹುದಾದ ಹಗುರ ಮೆಷಿನ್ ಗನ್ ಮಾಡಲು ಎಂಜಿನಿಯರುಗಳು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದರು. ಅವರು ಮಾಡಿದ್ದನ್ನೆಲ್ಲ ಹಾರಿಸಿ ನೋಡುವುದು ಇವನ ಕೆಲಸ. ಹಾರಿಸಿ ಹಾರಿಸಿ, ಆಗಾಗ ತೋಟಾ ಸಿಕ್ಕಿಕೊಳ್ಳುವ ಚಾಳಿಯೊಂದನ್ನು ಬಿಟ್ಟರೆ ಗನ್ನು ಹದಕ್ಕೆ ಬಂತು. ಇವನ ಕಿವಿ ಮಾತ್ರ ಕೈಕೊಟ್ಟಿತು.

ಅದನ್ನು ಒಪ್ಪಿಕೊಳ್ಳುವ ಆಸಾಮಿಯೇ ಅಲ್ಲ ಅವನು. ಹೆಂಡತಿ ಗಂಟಲು ಹರಿದುಕೊಂಡರೂ, “ಬಾಯೊಳಗೇ ಗೊಣಗಿದ್ರೆ ಯಾರಿಗೆ ಕೇಳುತ್ತೆ?” ಎಂದು ಅವಳ ಮೇಲೇ ಎಗರುತ್ತಿದ್ದ. ಗೊತ್ತಾದರೆ ಕೆಲಸದಿಂದ ತೆಗೆದುಬಿಡುತ್ತಾರೆಂಬ ಭಯ ಅವನಿಗೆ. ಬೇರೆ ಕೆಲಸ ಅವನಿಗೆ ಗೊತ್ತೂ ಇರಲಿಲ್ಲ.

ಹೊಸ ಗನ್ನನ್ನು ನೋಡಲು ಸೇನೆಯವರು ಬಂದ ದಿನ ‘ಹೊಡಿ’, ‘ತಡಿ’ ಎಂದು ಅಪ್ಪಣೆ ಕೊಡಲು ಮೇಸ್ತ್ರಿ ಅವನ ಬೆನ್ನ ಹಿಂದೆ ನಿಂತಿದ್ದರು. ಮೊದಲ ಸುತ್ತಿಗೇ ಮೈದಾನದ ತುಂಬ ಧೂಳೆದ್ದು ಗುರಿಹಲಗೆ ವಾಲಿತು. ಹಲಗೆ ನೋಡಿಕೊಳ್ಳುತ್ತಿದ್ದವನು ಢಂಢಂನ ಭಾವಮೈದ. ಅದನ್ನು ನೆಟ್ಟಗೆ ನಿಲ್ಲಿಸಲು ಅವನು ಹಲಗೆಯ ಕೆಳಗೆ ಅಡಗಿ ಕೂರುವ ಗುಂಡಿಯಿಂದ ಮೇಲೆ ಹತ್ತಿದ್ದನ್ನು ಕಂಡು ಮೇಸ್ತ್ರಿ “ತಡಿ!” ಎಂದು ಕೂಗಿದರು.

ನೆಲಕ್ಕೆ ಮಲಗಿದ್ದ ಢಂಢಂಗೆ ಧೂಳಿನಲ್ಲಿ ಏನೂ ಕಾಣಲಿಲ್ಲ; ಕಿವಿಗೆ ಬಿದ್ದದ್ದು ಕೊನೆಯ ‘ಡಿ’ ಮಾತ್ರ. ಹೊಡಿ ಎಂದೇ ತಿಳಿದು ಟ್ರಿಗರ್ ಎಳೆದ.

ಎರಡು ಗುಂಡು ಹಾರಿ ಗನ್ನು ಗಕ್ಕನೆ ನಿಂತಿತು. ತೋಟಾ ಸಿಕ್ಕಿಕೊಂಡಿತ್ತು. ಥತ್, ಇವತ್ತೇ ಮಾನ ಕಳೆಯಿತಲ್ಲ ಎಂದು ಬೈದುಕೊಳ್ಳುತ್ತ ತಲೆಯೆತ್ತಿದರೆ, ಹಲಗೆಯ ಪಕ್ಕದಲ್ಲಿ ಭಾವಮೈದ ತಲೆ ಹಿಡಿದುಕೊಂಡು ಕುಕ್ಕರಿಸಿದ್ದ. ಹುಡುಗ ಗಾಯವಿಲ್ಲದೆ ಎದ್ದು ನಿಲ್ಲುವವರೆಗೆ ಢಂಢಂ ಉಸಿರಾಡಲಿಲ್ಲ.

ಸೇನಾಧಿಕಾರಿ ಇಬ್ಬರ ಎದುರಿಗೇ ಬಂದು ಮೇಸ್ತ್ರಿಯ ಮೇಲೆ ಹರಿಹಾಯ್ದ. “ಏನಂತ ಕೂಗಿದ್ರಿ? ಹೊಡಿ ಅಂತಾನೋ ತಡಿ ಅಂತಾನೋ?” ಆ ಅರಚಾಟ ಢಂಢಂಗೂ ಕೇಳಿಸಿತು. ತಾನು ಏನು ಕೂಗಿದೆನೆಂದು ಪಾಪ, ಮೇಸ್ತ್ರಿಗೇ ಅನುಮಾನ ಬಂದಿತ್ತು. ಎಲ್ಲರ ಕಣ್ಣೂ ಢಂಢಂನ ಮೇಲೆ ಬಿತ್ತು. ‘ಹೊಡಿ’ ಅಂದರು ಎಂದುಬಿಟ್ಟರೆ ಇವನು ಬಚಾವು, ಮೇಸ್ತ್ರಿಯ ಕತೆ ಮುಗಿದಂತೆ.

“ತಡಿ ಅಂತಲೇ ಅಂದಿರ್ತಾರೆ ಸಾರ್,” ಎಂದ ಢಂಢಂ. “ನನಗೇ ಕಿವಿ ಕೇಳಲ್ಲ.”

ಅಷ್ಟರಲ್ಲಿ ಓಡಿ ಬಂದ ಭಾವಮೈದ ಅವನ ಕಿವಿಗೆ ಬಾಯಿಟ್ಟು ಕೂಗಿದ: “ನನಗೆ ಗೊತ್ತಿತ್ತು ಭಾವ! ಅಕ್ಕ ಹೇಳಿದ್ಲು.”

“ಗೊತ್ತಿದ್ದೂ ಯಾಕೋ ಈ ಕೆಲಸಕ್ಕೆ ಬಂದೆ, ಹಾಳಾದವನೇ?”

“ಅವಳೇ ಕಳಿಸಿದ್ದು. ಗುರಿ ಹತ್ರ ನಾನಿದ್ರೆ ನೀವು ಹುಷಾರಾಗಿರ್ತೀರಿ ಅಂತ.”