ಓದದ ಪುಸ್ತಕಕ್ಕೆ ಬರೆದ ಅಭಿಪ್ರಾಯ

ಮಳವಳ್ಳಿಯ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಗುಮಾಸ್ತ. ಮನೆ ಮದ್ದೂರಿನಲ್ಲಿ. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಆಫೀಸಿನಲ್ಲಿ ನನ್ನ ಅಭಿಪ್ರಾಯವನ್ನು ಯಾರೂ ಕೇಳುತ್ತಿರಲಿಲ್ಲ. ಮನೆಯಲ್ಲಂತೂ ಆ ಪದ್ಧತಿಯೇ ಇಲ್ಲ. ಹೀಗಿರುವಾಗ ಒಂದು ಮದುವೆ ಊಟದಲ್ಲಿ ಪಕ್ಕದ ಎಲೆಗೆ ಕೂತಿದ್ದ ಮಂಡ್ಯದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು, ನನಗೆ ಓದುವ ಹುಚ್ಚಿದೆ ಎಂದು ತಿಳಿದು, ತಾವು ಫೋನಿನಲ್ಲಿ ಕಟ್ಟಿದ್ದ ಓದುಗರ ಗ್ರೂಪಿಗೆ ನನ್ನನ್ನೂ ಸೇರಿಸಿಕೊಂಡರು. ಪಾಯಸ ಬರುವಷ್ಟರಲ್ಲಿ ನಾನು ಸದಸ್ಯನಾಗಿದ್ದೆ.

ಗ್ರೂಪಿನ ನಿಯಮ ಸರಳ. ಪ್ರತಿ ಭಾನುವಾರ ಒಬ್ಬರು ತಾವು ಓದಿದ ಪುಸ್ತಕದ ಬಗ್ಗೆ ಬರೆಯಬೇಕು, ಉಳಿದವರು ಮಾತಾಡಬೇಕು. ನನ್ನ ಸರದಿ ಮೊದಲ ಸಲ ಬಂದಾಗ ನಾನು ಪ್ರಾಮಾಣಿಕವಾಗಿ ಒಂದು ಪುಸ್ತಕವನ್ನು ಪೂರ್ತಿ ಓದಿ, "ಚೆನ್ನಾಗಿದೆ. ನಡುವೆ ಸ್ವಲ್ಪ ಎಳೆದಿದ್ದಾರೆ. ಓದಬಹುದು" ಎಂದು ಬರೆದೆ. ಇಬ್ಬರು ಹೆಬ್ಬೆಟ್ಟು ಒತ್ತಿದರು. ಅದರಲ್ಲಿ ಒಬ್ಬರದು ಕೈತಪ್ಪಿ ಬಿದ್ದದ್ದಿರಬೇಕು, ಸ್ವಲ್ಪ ಹೊತ್ತಿಗೆ ವಾಪಸು ತೆಗೆದರು. ಮುಂದಿನ ವಾರ ಇನ್ನೊಬ್ಬರು ಎರಡು ಪುಟದಷ್ಟು ಬರೆದರು. ಅವರ ಪುಸ್ತಕ ಅವರನ್ನು "ಬಹುವಾಗಿ ಕಾಡಿತ್ತು", "ಒಳಗೆಲ್ಲ ಕಲಕಿತ್ತು". ಚಪ್ಪಾಳೆ, ಹೂವು, ಕೈಮುಗಿಯುವ ಚಿತ್ರಗಳು ಸಾಲಾಗಿ ಬಂದವು. ನನಗೆ ವಿದ್ಯೆ ಎಲ್ಲಿದೆ ಎಂದು ಗೊತ್ತಾಯಿತು.

ಅಲ್ಲಿಂದ ನಾನೂ ಕಾಡಿಸಿಕೊಳ್ಳಲು ಶುರುಮಾಡಿದೆ. ಮೊದಮೊದಲು ಪುಸ್ತಕವನ್ನು ಓದಿಯೇ ಕಾಡಿಸಿಕೊಳ್ಳುತ್ತಿದ್ದೆ. ಆಮೇಲೆ ಮುಕ್ಕಾಲು ಭಾಗ ಸಾಕೆನ್ನಿಸಿತು. ಕಡೆಕಡೆಗೆ ಬೆನ್ನುಡಿ, ಮೊದಲ ಎರಡು ಅಧ್ಯಾಯ, ಕೊನೆಯ ಪುಟ, ಇಷ್ಟರಲ್ಲಿ ನಾನು ಯಾವ ಪುಸ್ತಕದಿಂದಲಾದರೂ ಕಲಕಿಹೋಗಬಲ್ಲವನಾದೆ. ಗ್ರೂಪಿನಲ್ಲಿ ನನ್ನನ್ನು "ನಮ್ಮ ವಿಮರ್ಶಕರು" ಎಂದು ಕರೆಯತೊಡಗಿದರು. ನಾನು ಅದನ್ನು ನಿರಾಕರಿಸಿದೆ, ಆದರೆ ಯಾರಿಗೂ ಕೇಳಿಸದಷ್ಟು ಮೆಲ್ಲಗೆ.

ನನ್ನ ಹೆಂಡತಿಗೆ ಮಾತ್ರ ಈ ಕೀರ್ತಿ ತಟ್ಟಲಿಲ್ಲ. ಒಂದು ಭಾನುವಾರ ನಾನು ಫೋನಿನಲ್ಲಿ ಬರೆಯುತ್ತಿದ್ದಾಗ ಬಂದು ನೋಡಿದಳು.

"ಪುಸ್ತುಕದ ಮೇಲೆ ಕಾಫಿ ಲೋಟ ಮಡ್ಗಿದೀರಿ. ಅದ್ರ ಬಗ್ಗೇನೆ ಬರೀತಾ ಕುಂತಿದೀರಿ. ತಗ್ದಾದ್ರೂ ನೋಡುದ್ರಾ?"

"ಓದೋದು ಬೇರೆ, ಗ್ರಹಿಸೋದು ಬೇರೆ" ಎಂದೆ.

"ಅಂಗಾದ್ರೆ ಊಟಾನೂ ಗ್ರಹಿಸ್ಕಳಿ. ನಾನಿವತ್ತು ಮುದ್ದೆ ತೊಳ್ಸಾಕಿಲ್ಲ."

ಆ ಲೋಟದ ಕೆಳಗಿದ್ದ ಕಾದಂಬರಿಯೇ ನನಗೆ ಮುಳುವಾದದ್ದು. ಅದರ ಹೆಸರು ಹೇಳುವುದಿಲ್ಲ. ಬರೆದವರು ಎಲ್ಲಿಯಾದರೂ ಇದನ್ನು ಓದಿಬಿಟ್ಟರೆ ನನಗೆ ಮುಖವಿರುವುದಿಲ್ಲ. ಗಂಡ ಸತ್ತ ಮೇಲೆ ಹೊಳೆ ದಾಟಿಸುವ ದೋಣಿಯನ್ನು ತಾನೇ ನಡೆಸುವ ಒಬ್ಬ ತಾಯಿ, ಅವಳ ಮಗಳು, ಇವರ ಕಥೆ. ಅರವತ್ತು ಪುಟ ಓದಿದೆ. ಚೆನ್ನಾಗಿಯೇ ಇತ್ತು. ಆದರೆ ಭಾನುವಾರ ಕಾಯುತ್ತದೆಯೇ? ಕೊನೆಯ ಪುಟಕ್ಕೆ ಹಾರಿದೆ. ಅಲ್ಲಿ ಅವ್ವ ನಗುತ್ತ ದೋಣಿಯನ್ನು ದಡಕ್ಕೆ ಕಟ್ಟುತ್ತಿದ್ದಳು. ನನಗೆ ಅಷ್ಟು ಸಾಕಾಗಿತ್ತು. "ಎಲ್ಲ ಕಷ್ಟಗಳನ್ನೂ ಈಜಿ ಗೆಲ್ಲುವ ಈ ತಾಯಿ ನನ್ನನ್ನು ವಾರವೆಲ್ಲ ಕಾಡಿದಳು. ಎಲ್ಲರೂ ಓದಲೇಬೇಕಾದ ಕೃತಿ" ಎಂದು ಬರೆದು, ಚಪ್ಪಾಳೆ ಎಣಿಸುತ್ತ ಮಲಗಿದೆ.

ಒಂಬತ್ತು ದಿನದ ಮೇಲೆ ಗ್ರೂಪಿಗೆ ಒಂದು ಪ್ರಶ್ನೆ ಬಂತು. ಕೇಳಿದವರು ಚಿಕ್ಕರಸಿನಕೆರೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಒಬ್ಬ ಹೆಂಗಸು. ಅವರ ಮುಖ ನಾವು ಯಾರೂ ನೋಡಿರಲಿಲ್ಲ, ಫೋಟೋ ಇರಬೇಕಾದಲ್ಲಿ ಒಂದು ಹೊಲಿಗೆ ಮಿಷನ್ನು ಇತ್ತು. ಯಾರು ಯಾವ ಪುಸ್ತಕ ಹೇಳಿದರೂ "ಓದಿ ಹೇಳ್ತೀನಿ" ಎಂದು ಮಾತ್ರ ಬರೆಯುತ್ತಿದ್ದರು. ಅವರು ನಿಜವಾಗಿಯೂ ಓದುತ್ತಾರೆಂದು ನನಗೆ ಅನುಮಾನವೇ ಬಂದಿರಲಿಲ್ಲ.

"ಸಾರ್, ಒಂದು ಡೌಟು. ತಾಯಿ ಗೆಲ್ತಾಳೆ ಅಂತ ಬರೆದಿದೀರಿ. ನನ್ನ ಪುಸ್ತಕದಲ್ಲಿ ನೂರ ಹನ್ನೆರಡನೇ ಪುಟಕ್ಕೇ ತೀರಿಕೊಂಡಳು. ನಾನೇನಾದ್ರೂ ತಪ್ಪಾಗಿ ಓದಿದೆನಾ?"

ಆಗ ಸುಮ್ಮನೆ ತಪ್ಪೊಪ್ಪಿಕೊಂಡಿದ್ದರೆ ಮರ್ಯಾದೆಯಾಗಿ ಮುಗಿಯುತ್ತಿತ್ತು. ಆದರೆ ನಾನು ವಿಮರ್ಶಕ. "ಆವೃತ್ತಿ ಭೇದ ಇರಬಹುದು" ಎಂದು ಬರೆದೆ. ತಕ್ಷಣ ಒಬ್ಬ ನಿವೃತ್ತ ಮೇಷ್ಟ್ರು, "ಈ ಆವೃತ್ತಿ ಭೇದದ ಮೇಲೆ ತಾವು ಬೆಳಕು ಚೆಲ್ಲಬೇಕು" ಎಂದರು. ಚೆಲ್ಲಿದೆ. ಲೇಖಕರು ಕೆಲವೊಮ್ಮೆ ಮರುಮುದ್ರಣದ ಹೊತ್ತಿಗೆ ಪಾತ್ರಗಳ ಮೇಲೆ ಕರುಣೆ ತೋರುವುದುಂಟು ಎಂದೂ, ಇದು ಸಾಹಿತ್ಯದಲ್ಲಿ ಹೊಸದಲ್ಲವೆಂದೂ ಒಂದು ಪ್ಯಾರಾ ಬರೆದೆ. ಬರೆಯುತ್ತ ಬರೆಯುತ್ತ ನನಗೇ ನಂಬಿಕೆ ಬಂದಿತ್ತು.

ಹೊಲಿಗೆಯವರು ಬಿಡಲಿಲ್ಲ. "ಹಂಗಿದ್ರೆ ನಿಮ್ಮ ಪುಸ್ತಕ ನೋಡಬೇಕಲ್ಲ ಸಾರ್. ಎರಡನೇ ಶನಿವಾರ ಲೈನಿಂಗ್ ಬಟ್ಟೆ ತರೋಕೆ ಮದ್ದೂರಿಗೆ ಬರ್ತೀನಿ. ನಂದೂ ತರ್ತೀನಿ. ಪಕ್ಕಪಕ್ಕ ಇಟ್ಟು ನೋಡಿಬಿಡೋಣ."

ಗ್ರೂಪು ಸಂತೋಷದಿಂದ ಕುಣಿಯಿತು. ಬ್ಯಾಂಕಿನವರು "ಇದೇ ನಿಜವಾದ ಸಾಹಿತ್ಯ ಸಂವಾದ. ಫೋಟೋ ಹಾಕಿ" ಎಂದರು.

ನಾಲ್ಕು ದಿನ ಬಾಕಿಯಿತ್ತು. ಮಾರನೆಯ ಬೆಳಿಗ್ಗೆ ಲೋಟದ ಕಲೆ ಒರೆಸಿ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಮಳವಳ್ಳಿ ಮೇಲೆ ಹೋಗುವ ಕೊಳ್ಳೇಗಾಲದ ಬಸ್ಸು ಹತ್ತಿದೆ. ಕಿಟಕಿ ಪಕ್ಕ ಸೀಟು ಸಿಕ್ಕಿತು. ಅರವತ್ತೊಂದನೆಯ ಪುಟದಿಂದ, ಪರೀಕ್ಷೆಗೆ ಓದುವವನಂತೆ, ಬೆರಳಿಟ್ಟು ಓದಿದೆ. ಮೊದಲ ದಿನ ಹೋಗುತ್ತ ಬರುತ್ತ ನೂರರ ಹತ್ತಿರ ಬಂದೆ. ಎರಡನೆಯ ದಿನ ಭಾರತೀನಗರ ದಾಟುವ ಹೊತ್ತಿಗೆ ನೂರ ಹನ್ನೆರಡು ಬಂತು.

ತಾಯಿ ಜ್ವರದಲ್ಲಿ ಸಾಯುತ್ತಾಳೆ. ಹೊಳೆಗೂ ಅವಳ ಸಾವಿಗೂ ಸಂಬಂಧವೇ ಇಲ್ಲ. ಅದೇ ಹೊತ್ತಿಗೆ ಆಚೆ ದಡದಲ್ಲಿ ಯಾರೋ ದೋಣಿಗಾಗಿ ಕೂಗುತ್ತಾರೆ. ಮಗಳು ತಾಯಿಯ ಮೈಮೇಲೆ ದುಪ್ಪಟಿ ಎಳೆದು, ಹುಟ್ಟು ತೆಗೆದುಕೊಂಡು ಹೋಗಿ ಅವರನ್ನು ದಾಟಿಸಿ ಬರುತ್ತಾಳೆ. ಹತ್ತಿದವರಿಗೆ ವಿಷಯ ಹೇಳುವುದೂ ಇಲ್ಲ.

ನನ್ನ ಅವ್ವ ತೀರಿಕೊಂಡ ದಿನ ನಾನು ಮನೆ ಮುಂದೆ ನಿಂತು ಷಾಮಿಯಾನದವನಿಗೆ ಎಷ್ಟು ಕುರ್ಚಿ ಬೇಕೆಂದು ಫೋನಿನಲ್ಲಿ ಹೇಳುತ್ತಿದ್ದೆ. ಬಂದವರನ್ನು ಕೂರಿಸುವುದು, ಕಾಫಿ ಕೊಡಿಸುವುದು, ಇದರಲ್ಲೇ ದಿನ ಹೋಯಿತು. ಅಳುವುದಕ್ಕೆ ಪುರುಸೊತ್ತಾಗಿರಲಿಲ್ಲ. ಅದು ಈಗ, ನಾಲ್ಕು ವರ್ಷದ ಮೇಲೆ, ಕಬ್ಬಿನ ಗದ್ದೆಗಳ ನಡುವೆ ಓಡುವ ಬಸ್ಸಿನಲ್ಲಿ ಬಂತು. ಪುಸ್ತಕ ಮುಖಕ್ಕೆ ಅಡ್ಡ ಹಿಡಿದು ಅತ್ತೆ.

ಯಾರೋ ಭುಜ ತಟ್ಟಿದರು. ಕಂಡಕ್ಟರು.

"ಯಾಕ್ ಯಜಮಾನ್ರೆ, ಮಳವಳ್ಳಿ ಆಗೋಯ್ತಲ್ಲ, ಇಳೀನಿಲ್ವಾ?" ಎಂದವನು ನನ್ನ ಮುಖ ನೋಡಿ ದನಿ ತಗ್ಗಿಸಿದ. "ಮನೇಲಿ ಏನಾರ ಆಯ್ತಾ?"

"ಇಲ್ಲಪ್ಪ. ಪುಸ್ತಕದಲ್ಲಿ..."

"ಥೂ, ಬುಡಿ ಅತ್ಲಾಗೆ! ನಾನು ಏನೋ ಅಂದ್ಕಂಡು ಎದ್ರುಕಂಡೆ" ಎಂದು ವಿಷಲ್ ಊದಿ ನನ್ನನ್ನು ಅಲ್ಲೇ ಒಂದು ಹಳ್ಳಿಯ ಗೇಟಿನಲ್ಲಿ ಇಳಿಸಿದ.

ವಾಪಸು ಬಸ್ಸು ಹಿಡಿದು ಆಫೀಸಿಗೆ ಹೋದಾಗ ಹನ್ನೊಂದೂವರೆ. ಕಣ್ಣು ಕೆಂಪಾಗಿತ್ತು. ಸೂಪರಿಂಟೆಂಡೆಂಟ್ ಮೇಡಂ ಕನ್ನಡಕದ ಮೇಲಿಂದ ನೋಡಿದರು.

"ಯಾಕ್ರೀ ಇಷ್ಟು ಲೇಟು?"

"ಒಂದು ಸಾವಾಗಿತ್ತು ಮೇಡಂ."

"ಅಯ್ಯೋ. ಯಾರು?"

"ತಾಯಿ" ಎಂದುಬಿಟ್ಟೆ. ತಲೆಯಲ್ಲಿದ್ದದ್ದು ಬಾಯಿಗೆ ಬಂದಿತ್ತು.

"ನಿಮ್ಮ ತಾಯಿ ತಿಥಿಗೆ ನಾನೇ ಬಂದು ಊಟ ಮಾಡಿದ್ನಲ್ರೀ?"

"ನಮ್ಮ ತಾಯಿ ಅಲ್ಲ ಮೇಡಂ. ದೂರದ ಸಂಬಂಧದಲ್ಲಿ... ಒಬ್ಬರು ತಾಯಿ."

ಅವರು ಹೆಚ್ಚು ಕೇಳಲಿಲ್ಲ. ಪಕ್ಕದ ಮೇಜಿನವರು ಟೀ ತರಿಸಿಕೊಟ್ಟು, "ವಯಸ್ಸೆಷ್ಟಾಗಿತ್ತು?" ಎಂದರು. ಪುಸ್ತಕದಲ್ಲಿದ್ದ ಲೆಕ್ಕದ ಪ್ರಕಾರ ಐವತ್ತೆಂದೆ. "ಸಾಯೋ ವಯಸ್ಸಲ್ಲ" ಎಂದು ಅವರು ನಿಟ್ಟುಸಿರು ಬಿಟ್ಟರು. ಒಂದು ಸುಳ್ಳನ್ನು ಮುಚ್ಚಲು ಹೊರಟವನು ಇನ್ನೊಂದು ಸುಳ್ಳಿಗೆ ಟೀ ಕುಡಿಯುತ್ತ ಕೂತಿದ್ದೆ.

ಶುಕ್ರವಾರ ಸಂಜೆಗೆ ಪುಸ್ತಕ ಮುಗಿಯಿತು. ಕೊನೆಯ ಪುಟದಲ್ಲಿ ದೋಣಿ ಕಟ್ಟುವ ಅವ್ವ ಆ ತಾಯಿಯಲ್ಲವೆಂದು ಆಗ ತಿಳಿಯಿತು. ಅಷ್ಟು ಹೊತ್ತಿಗೆ ಮಗಳು ಬೆಳೆದು, ಅವಳಿಗೇ ಮಕ್ಕಳಾಗಿ, ಅವು ಅವಳನ್ನು ಅವ್ವ ಎನ್ನುತ್ತಿದ್ದವು.

ಶನಿವಾರ ಹನ್ನೊಂದಕ್ಕೆ ಮದ್ದೂರು ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಅವರು ಸಿಕ್ಕರು. ನನಗಿಂತ ಒಂದೆರಡು ವರ್ಷ ದೊಡ್ಡವರಿರಬಹುದು. ಕೈಯಲ್ಲಿ ಬಟ್ಟೆ ಅಂಗಡಿಯ ದೊಡ್ಡ ಚೀಲ. ಅದರೊಳಗಿಂದ ಪುಸ್ತಕ ತೆಗೆದರು. ಅದಕ್ಕೆ ಅವರೇ ಹೂವಿನ ಬ್ಲೌಸ್‌ಪೀಸಿನಲ್ಲಿ ಅಂಗಿ ಹೊಲಿದು ತೊಡಿಸಿದ್ದರು. ನನ್ನ ಪುಸ್ತಕದ ರಟ್ಟಿನ ಮೇಲೆ ಲೋಟದ ಉಂಗುರ ಇನ್ನೂ ಕಾಣುತ್ತಿತ್ತು.

ಕಾಫಿ ಹೇಳಿ, ಎರಡನ್ನೂ ಪಕ್ಕಪಕ್ಕ ಇಟ್ಟು, ಮೊದಲ ಹಾಳೆ ತಿರುವಿದರು.

"ನಂದೂ ಎರಡ್ನೇ ಮುದ್ರಣ, ನಿಮ್ದೂ ಎರಡ್ನೇ ಮುದ್ರಣ. ಬೇದ ಎಲ್ಲದೆ ಸಾ?"

ನಾನು ಕಾಫಿ ಬಿಸಿಯಿದೆಯೆಂಬಂತೆ ಊದಿದೆ.

"ಯೋಳಿ ಸಾ, ಪರ್ವಾಗಿಲ್ಲ. ನೀವು ಬರ್ದಿದ್ದ ನಾನು ಮತ್ತೆ ಓದ್ದೆ. ಅದ್ರಲ್ಲಿ ಬಂದಿರದೆಲ್ಲ ಅರವತ್ತು ಪುಟದ ಒಳಗ್ಲುದ್ದೇ. ಆಮೇಕೆ ಒಂದೇ ಸಲ ಕೊನೇ ಪುಟ. ಒಲ್ದಿರ ಬಟ್ಟೆ ನೋಡುದ್ರೆ ಎಲ್ಲಿ ದಾರ ತಪ್ಪದೆ ಅಂತ ಗೊತ್ತಾಗಕಿಲ್ವಾ? ನೀವು ಓದಿರ್ನಿಲ್ಲ, ಅಲ್ವಾ?"

"ಓದಿರಲಿಲ್ಲ" ಎಂದೆ. "ಈ ನಾಲ್ಕು ದಿನದಲ್ಲಿ ಓದಿದೆ."

ಅವರು ನಕ್ಕರು. ನಾನೂ ನಗಲು ನೋಡಿದೆ. ಅಷ್ಟರಲ್ಲಿ ಅವರ ನಗು ನಿಂತಿತು.

"ನಗ್ತೀನಿ, ಆದ್ರೆ ನಂಗೆ ನಿಮ್ ಮೇಲೆ ಕ್ವಾಪ ಅದೆ. ಆವಮ್ಮ ಸತ್ತೋದ್ಲು ಅಂತ ಓದುದ್ಮೇಲೂ ನಾನು ನಂಬ್ನಿಲ್ಲ. ಸಾರ್ ಗೆಲ್ತಾಳೆ ಅಂತ ಬರ್ದವ್ರಲ್ಲ, ಎಂಗೋ ಎದ್ದು ಬತ್ತಾಳೆ ಅಂತ ಕಾಯ್ಕಂಡು ಓದ್ದೆ. ಒಂದೊಂದು ಪುಟಕ್ಕೂ ಈಗ ಬತ್ತಾಳೆ, ಈಗ ಬತ್ತಾಳೆ. ಆ ಮಗ್ಳು ಪಾಪ ಏನ್ ಮಾಡುದ್ಲು ಅಂತ ನೋಡೂ ಇಲ್ಲ ನಾನು. ಎರಡ್ನೇ ಸಲ ಓದ್ಬೇಕಾಯ್ತು."

ನನ್ನ ಅಭಿಪ್ರಾಯದಿಂದ ಯಾರಿಗಾದರೂ ಏನಾದರೂ ಆಗುತ್ತದೆಂದು ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ. ಹೂವಿನ ಚಿತ್ರ ಬರುತ್ತದೆ, ಅಷ್ಟೇ ಎಂದುಕೊಂಡಿದ್ದೆ. ತಪ್ಪಾಯಿತು ಎಂದೆ. ಬಸ್ಸಿನಲ್ಲಿ ಅತ್ತದ್ದನ್ನೂ, ಮೇಡಂಗೆ ಹೇಳಿದ ಸಾವನ್ನೂ ಹೇಳಿದೆ. ಈ ಸಲ ಅವರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಪಕ್ಕದ ಮೇಜಿನವರು ತಿರುಗಿ ನೋಡಿದರು.

"ಗ್ರೂಪಲ್ಲಿ ಬರೀರಿ."

"ಏನಂತ?"

"ಓದಿರ್ನಿಲ್ಲ ಅಂತ. ಕಾಡಿತು ಗೀಡಿತು ಎಲ್ಲ ಬ್ಯಾಡ."

ಮನೆಗೆ ಬಂದು ಬರೆಯಲು ಕೂತರೆ ಓದಿನ ತತ್ತ್ವದ ಮೇಲೆ ಮೂರು ಪ್ಯಾರಾ ಬಂತು. ನಾಲ್ಕನೆಯದರಲ್ಲಿ ತಪ್ಪೊಪ್ಪಿಗೆ ಇಣುಕುತ್ತಿತ್ತು. ಹೆಂಡತಿಗೆ ತೋರಿಸಿದೆ. ಅವಳು ಫೋನು ಕಿತ್ತುಕೊಂಡು ಮೊದಲ ಮೂರು ಪ್ಯಾರಾ ಅಳಿಸಿ, "ಈಗ ಕಳ್ಸಿ" ಎಂದಳು. ಉಳಿದದ್ದು ಇಷ್ಟು: "ಆ ಕಾದಂಬರಿಯನ್ನು ನಾನು ಓದದೆ ಬರೆದಿದ್ದೆ. ತಾಯಿ ಸಾಯುತ್ತಾಳೆ. ಆವೃತ್ತಿ ಭೇದ ಎಂದದ್ದೂ ಸುಳ್ಳು. ಈಗ ಓದಿದ್ದೇನೆ. ಕ್ಷಮಿಸಿ."

ಒಂದು ಗಂಟೆಯ ಮೇಲೆ ಮೇಷ್ಟ್ರು ಗ್ರೂಪು ಬಿಟ್ಟುಹೋದರು. ಮೂವರು ನನಗೆ ಮಾತ್ರ ಕಾಣುವಂತೆ ಸಂದೇಶ ಕಳಿಸಿ, ತಾವೂ ಆಗೀಗ ಹೀಗೆ ಮಾಡಿದ್ದುಂಟು ಎಂದರು. ಅವರಲ್ಲಿ ಒಬ್ಬರು ಬ್ಯಾಂಕಿನವರೇ. ನನ್ನ ಎಲ್ಲ ಬರಹಗಳಿಗೂ ಮೊದಲ ಚಪ್ಪಾಳೆ ಅವರದಾಗಿರುತ್ತಿತ್ತು. "ನಿಮ್ಮದನ್ನು ಪೂರ್ತಿ ಓದಿ ಹಾಕಿದ್ದಲ್ಲ" ಎಂದು ಬರೆದಿದ್ದರು. ಎಲ್ಲರಿಗೂ ಕಾಣುವಂತೆ ಬಂದದ್ದು ಒಂದೇ ಪ್ರತಿಕ್ರಿಯೆ: "ತಮ್ಮ ಈ ಪ್ರಾಮಾಣಿಕತೆ ನನ್ನನ್ನು ಬಹುವಾಗಿ ಕಾಡಿತು."

ನಮ್ಮ ವಿಮರ್ಶಕರು ಎನ್ನುವುದು ಅಂದಿಗೆ ನಿಂತಿತು. ಎರಡು ತಿಂಗಳು ನಾನು ಏನೂ ಬರೆಯಲಿಲ್ಲ. ಬಸ್ಸಿನಲ್ಲಿ ನಾನೂರು ಪುಟದ ಇನ್ನೊಂದು ಕಾದಂಬರಿಯನ್ನು, ಮುನ್ನುಡಿಯಿಂದ ಮುದ್ರಕರ ವಿಳಾಸದವರೆಗೆ, ಒಂದಕ್ಷರ ಬಿಡದೆ ಓದಿದೆ. ಬರೆದೆ. ಅದರ ನಾಯಕ ತಮ್ಮನನ್ನು ರೊಚ್ಚಿಗೆದ್ದ ಊರವರ ಕೈಗೆ ಬಿಟ್ಟು ಹೋಗುವುದು ಅವನ ಅಸಹಾಯಕತೆ ಎಂದು, ಆಧಾರ ಸಮೇತ, ಪುಟದ ಸಂಖ್ಯೆ ಸಮೇತ ಬರೆದೆ.

ಸಂಜೆ ಹೊಲಿಗೆಯವರ ಫೋನು ಬಂತು. ಹಿಂದೆ ಮಿಷನ್ನು ಕಟಕಟ ಓಡುತ್ತಿತ್ತು.

"ಈ ಸಲ ಓದ್ ಬರ್ದಿದೀರಿ, ಗೊತ್ತಾಯ್ತದೆ. ಆದ್ರೂ ತಪ್ಪು ಕಣಿ ಸಾ. ಅವ್ನು ಅಸಾಯಕ ಅಲ್ಲ, ಎದ್ರುಪುಕ್ಲ. ಓಗಕೆ ಮುಂಚೆ ಮನೆ ಬಾಗ್ಲು ಹಾಕ್ಕಂಡ್ ಓಯ್ತಾನೆ ನೋಡಿ. ಅಸಾಯಕ್ರು ಬಾಗ್ಲು ಹಾಕಾರಾ?"

"ನಾನು ಪೂರ್ತಿ ಓದಿದೀನಿ ತಾಯಿ" ಎಂದೆ.

"ಓದುದ್ರೆ ಸರಿ ಆಗ್ಬುಡ್ತದಾ?"

ಅರ್ಧ ಗಂಟೆ ಜಗಳವಾಡಿದೆವು. ಸಿಟ್ಟಿನಲ್ಲಿ ನಾನೇ ಫೋನಿಟ್ಟೆ. ಅವರ ಮಾತು ಸುಳ್ಳೆಂದು ತೋರಿಸಬೇಕೆಂದು ಪುಸ್ತಕ ತೆಗೆದು ಆ ಜಾಗ ಹುಡುಕಿದೆ. ಅವನು ಬಾಗಿಲು ಹಾಕಿಕೊಂಡೇ ಹೋಗಿದ್ದ. ಚಿಲಕ ಭದ್ರವಾಗಿದೆಯೇ ಎಂದು ಒಮ್ಮೆ ಎಳೆದೂ ನೋಡಿದ್ದ. ನಾನು ಆ ಸಾಲಿನ ಮೇಲೆ ಬೆರಳಿಟ್ಟು ಓದಿದ್ದವನೇ, ಆದರೂ ನೋಡಿರಲಿಲ್ಲ. ಇದಾಗಿ ಎರಡು ವಾರವಾಯಿತು. ಅವರಿಗೆ ಇನ್ನೂ ಹೇಳಿಲ್ಲ.